ಸವೆದ ಯಂತ್ರ: ದುರಸ್ತಿಯ ಲೆಕ್ಕ ತಪ್ಪಿಸುವ ಸಹಾಯಧನ

ಕೃಷಿ ಯಂತ್ರೋಪಕರಣಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಟೈರು ಮತ್ತು ಬಿಡಿಭಾಗಗಳ ತೆರಿಗೆಯೂ ಶೇ 18ರಿಂದ ಶೇ 5ಕ್ಕೆ ಬಂತು. ಹಬ್ಬದ ಹೊಸ್ತಿಲಲ್ಲಿ ಬಂದ ಈ ಕಡಿತವನ್ನು ಟ್ರ್ಯಾಕ್ಟರ್ ಮಾರಾಟಗಾರರೂ ರೈತರೂ ಸಮಾನವಾಗಿ ಸ್ವಾಗತಿಸಿದ್ದು ಸಹಜ. ಆದರೆ ನೋಂದಾಯಿತ ಕಾರ್ಯಾಗಾರವೊಂದು ಕೆಟ್ಟ ಯಂತ್ರವನ್ನು ಬಿಚ್ಚಿ ಸರಿಪಡಿಸಿದರೆ ಆ ಸೇವೆಯ ಮೇಲಿನ ತೆರಿಗೆ ಮಾತ್ರ ಶೇ 18ರಲ್ಲೇ ಉಳಿದಿದೆ. ಹೊಸತನ್ನು ಕೊಳ್ಳುವವನಿಗೆ ಶೇ 5, ಹಳೆಯದನ್ನು ಉಳಿಸಿಕೊಳ್ಳುವವನ ಕೂಲಿಗೆ ಶೇ 18. ಸಣ್ಣ ಕಾರ್ಯಾಗಾರಗಳು ತೆರಿಗೆಯ ವ್ಯಾಪ್ತಿಯ ಹೊರಗಿವೆ ಎಂಬುದು ನಿಜವಾದರೂ, ನಮ್ಮ ಕೃಷಿ ಯಾಂತ್ರೀಕರಣ ನೀತಿ ಯಾವ ಕಡೆ ವಾಲಿದೆ ಎಂಬುದನ್ನು ಈ ಅಂತರ ಸೂಚಿಸುತ್ತದೆ.

ಟ್ರ್ಯಾಕ್ಟರ್ ಹಿಂದೆ ಜೋಡಿಸುವ ಹುಲ್ಲು ಕತ್ತರಿಸುವ ಸ್ಲಾಷರ್ ಮತ್ತು ಮಲ್ಚರ್‌ಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತುಮಕೂರು, ಹಾಸನ ಜಿಲ್ಲೆಗಳ ತೆಂಗಿನ ತೋಟಗಳಲ್ಲಿ ಕಳೆ ಸವರಲು, ಬೆಳಗಾವಿ, ಬಾಗಲಕೋಟೆ, ಮಂಡ್ಯ ಭಾಗದಲ್ಲಿ ಕಬ್ಬು ಕಟಾವಿನ ನಂತರ ಉಳಿಯುವ ರವದಿಯನ್ನು ಸುಡದೆ ಪುಡಿಮಾಡಲು ಇವು ಬಳಕೆಯಾಗುತ್ತವೆ. ಕೂಲಿಯಾಳುಗಳ ಅಭಾವ ಹೆಚ್ಚಿದಂತೆ ಇವುಗಳ ಬೇಡಿಕೆಯೂ ಹೆಚ್ಚಿದೆ. ಕಲ್ಲು, ಬೇರು, ತೆಂಗಿನ ಮಟ್ಟೆಗಳ ನಡುವೆ ದುಡಿಯುವ ಈ ಯಂತ್ರಗಳು ಬೇಗ ಸವೆಯುತ್ತವೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಎಲ್ಲ ಸವೆತವೂ ಒಂದೇ ಬಗೆಯದಲ್ಲ. ಅಲಗು, ಬೋಲ್ಟು, ಬೆಲ್ಟು, ಬೇರಿಂಗ್, ಆಯಿಲ್ ಸೀಲ್ ಇವು ಸವೆಯಲೆಂದೇ ಇರುವ ಭಾಗಗಳು. ಇವುಗಳಿಗಾಗಿ ಯಂತ್ರವನ್ನೇ ಬದಲಿಸುವುದು ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತೆಂದು ಹೊಸ ಜೋಡು ಕೊಂಡಂತೆ. ಸಾಮಾನ್ಯ ಸ್ಲಾಷರ್‌ಗೆ ಟ್ರ್ಯಾಕ್ಟರ್‌ನ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತಿನ ವೇಗದಲ್ಲಿ ಶಕ್ತಿ ಒದಗಿಸುತ್ತದೆ. ಗೇರ್‌ಬಾಕ್ಸ್ ಆ ವೇಗವನ್ನು ಇನ್ನಷ್ಟು ಹೆಚ್ಚಿಸಿ ಅಲಗಿಗೆ ಮುಟ್ಟಿಸುತ್ತದೆ. ಅಲಗು ಕಲ್ಲಿಗೆ ಬಡಿದಾಗ ಗೇರ್‌ಬಾಕ್ಸ್‌ಗೆ ಪೆಟ್ಟಾಗದಿರಲಿ ಎಂದೇ ಅನೇಕ ಯಂತ್ರಗಳಲ್ಲಿ ಸುಲಭವಾಗಿ ತುಂಡಾಗುವ ಶಿಯರ್ ಬೋಲ್ಟ್ ಅಳವಡಿಸಿರುತ್ತಾರೆ. ಅಗ್ಗದ ಈ ಬೋಲ್ಟ್ ಪದೇಪದೇ ತುಂಡಾಗುತ್ತದೆಂದು ಬೇಸತ್ತು ಅದರ ಜಾಗದಲ್ಲಿ ಗಟ್ಟಿ ಉಕ್ಕಿನ ಬೋಲ್ಟ್ ತೂರಿಸಿದರೆ, ಮುಂದಿನ ಕಲ್ಲಿಗೆ ಮುರಿಯುವುದು ಗೇರಿನ ಹಲ್ಲು. ಹಾಗೆಯೇ ದಂಡಕ್ಕೆ ಸುತ್ತಿಕೊಂಡ ನಾರು, ದಾರ ಸೀಲನ್ನು ಕತ್ತರಿಸಿ ಎಣ್ಣೆ ಸೋರಿದರೆ ಕೆಲವೇ ದಿನಗಳಲ್ಲಿ ಗೇರ್‌ಬಾಕ್ಸ್ ಒಣಗಿ ಸುಟ್ಟುಹೋಗುತ್ತದೆ. ದೊಡ್ಡ ವೆಚ್ಚ ಹುಟ್ಟುವುದು ಬಹುಪಾಲು ಇಂತಹ ಸಣ್ಣ ಉಪೇಕ್ಷೆಯಿಂದ.

ಇದಕ್ಕೆ ವ್ಯತಿರಿಕ್ತವಾಗಿ, ಗೇರ್‌ಬಾಕ್ಸ್‌ನ ಕವಚವೇ ಬಿರುಕು ಬಿಟ್ಟಿದ್ದರೆ, ಮಲ್ಚರ್‌ನ ರೋಟರ್ ದಂಡ ಬಾಗಿದ್ದರೆ, ಅಲಗಿನ ಮೇಲಿನ ತಗಡು ತುಕ್ಕು ಹಿಡಿದು ತೆಳುವಾಗಿದ್ದರೆ ಬೆಸುಗೆಯಿಂದ ಪ್ರಯೋಜನವಿಲ್ಲ. ಬಾಗಿದ ಅಲಗನ್ನು ಕಾಯಿಸಿ ನೇರ ಮಾಡಿ ಮತ್ತೆ ಕಟ್ಟುವ ಪರಿಪಾಠವಂತೂ ಅಪಾಯಕಾರಿ. ಅದು ಮುರಿದು ಹಾರಿದರೆ ಸುತ್ತಲಿದ್ದವರ ಪ್ರಾಣಕ್ಕೇ ಎರವಾಗಬಹುದು. ಎದುರು ಬದುರಿನ ಅಲಗುಗಳನ್ನು ಜೋಡಿಯಾಗಿಯೇ ಬದಲಿಸಬೇಕು, ಇಲ್ಲವಾದರೆ ತೂಕದ ಸಮತೋಲ ತಪ್ಪಿ ಬೇರಿಂಗ್ ಹಾಳಾಗುತ್ತದೆ.

ಇಷ್ಟು ಯಂತ್ರಶಾಸ್ತ್ರದ ಮಾತಾಯಿತು. ರೈತನ ನಿರ್ಧಾರ ಇದರ ಮೇಲೆಯೇ ನಿಂತಿದ್ದರೆ ಚರ್ಚೆಗೆ ಆಸ್ಪದವಿರುತ್ತಿರಲಿಲ್ಲ. ಊಹೆಗಾಗಿ, ಹೊಸ ಯಂತ್ರದ ಬೆಲೆ ಒಂದು ಲಕ್ಷ ರೂಪಾಯಿ, ಹಳೆಯದರ ದುರಸ್ತಿಗೆ 40 ಸಾವಿರ ಎಂದಿಟ್ಟುಕೊಳ್ಳೋಣ. ದುರಸ್ತಿಯ ವೆಚ್ಚ ಹೊಸತರ ಶೇ 40ರಷ್ಟು. ಯಂತ್ರದ ಮೈಕಟ್ಟು ಗಟ್ಟಿಯಿದ್ದರೆ ದುರಸ್ತಿಯೇ ಲೇಸು. ಆದರೆ ಸರ್ಕಾರ ಹೊಸತಕ್ಕೆ ಶೇ 50ರ ಸಹಾಯಧನ ಕೊಟ್ಟಾಗ ರೈತ ತೆರಬೇಕಾದುದು 50 ಸಾವಿರ ಮಾತ್ರ. ಅದೇ ದುರಸ್ತಿ ಈಗ ಹೊಸತರ ಶೇ 80ರಷ್ಟಾಯಿತು! ಯಾರೇ ಆದರೂ ಹೊಸತನ್ನೇ ಕೊಳ್ಳುತ್ತಾರೆ. ರಾಜ್ಯದ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ರೈತರಿಗೆ ನಿಗದಿತ ಮಿತಿಯೊಳಗೆ ಶೇ 90ರವರೆಗೆ ನೆರವು ಉಂಟು. ಮೊದಲ ಬಾರಿ ಯಂತ್ರ ಕಾಣುವ ಬಡ ರೈತನಿಗೆ ಇದು ಅಗತ್ಯವೇ, ಅದನ್ನು ಪ್ರಶ್ನಿಸುವಂತಿಲ್ಲ. ಪ್ರಶ್ನೆಯಿರುವುದು ಆ ಯಂತ್ರ ಕೆಟ್ಟ ದಿನ ಅವನ ಕೈಗೆ ಬಿಡಿಗಾಸೂ ಸಿಗದು ಎಂಬಲ್ಲಿ.

ಒಬ್ಬನೇ ಪದೇಪದೇ ಸಹಾಯಧನ ಪಡೆಯದಂತೆ ನಿಯಮಗಳಿವೆ ಎಂದು ಅಧಿಕಾರಿಗಳು ಹೇಳಬಹುದು. ಸರಿಯೇ. ಆದರೆ ಮನೆಯಲ್ಲಿ ಇನ್ನೊಂದು ಹೆಸರಿನ ಪಹಣಿ ಇದ್ದರೆ ಏನಾಗುತ್ತದೆಂಬುದು ಹಳ್ಳಿಗಳಲ್ಲಿ ಗುಟ್ಟಿನ ಸಂಗತಿಯಲ್ಲ.

ಬಿಡಿಭಾಗಗಳ ಲಭ್ಯತೆ ಇನ್ನೊಂದು ತೊಡಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಗುರುತಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವೊಂದೂ ಆರಂಭವಾಯಿತು. ಆದರೆ 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾದ ದುರಸ್ತಿ ಸೂಚ್ಯಂಕದ ವರದಿ ಮೊಬೈಲ್ ಮತ್ತು ವಿದ್ಯುನ್ಮಾನ ಸಾಧನಗಳತ್ತ ಹೊರಳಿತು. ಟ್ರ್ಯಾಕ್ಟರ್ ಸರದಿಯಲ್ಲೇ ನಿಂತಿದೆ. ಅಮೆರಿಕದ ಕೊಲರಾಡೊ ರಾಜ್ಯ ರೈತರಿಗೆ ಈ ಹಕ್ಕು ನೀಡುವ ಕಾನೂನನ್ನು 2023ರಲ್ಲೇ ಅಂಗೀಕರಿಸಿತು. ಅಲ್ಲಿನ ಜಗಳ ಗಣಕ ತಂತ್ರಾಂಶದ ಬೀಗದ್ದು. ಇಲ್ಲಿನ ರೈತನಿಗೆ ಬೇಕಿರುವುದು ಹಂಗಾಮಿನಲ್ಲಿ ಎರಡು ದಿನದೊಳಗೆ ಸಿಗುವ ಒಂದು ಗೇರು.

2014-15ರಲ್ಲಿ ರಾಜ್ಯದಲ್ಲಿ ಆರಂಭಗೊಂಡ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳ ಸ್ಥಿತಿ ಈ ದೃಷ್ಟಿಯಿಂದ ಗಮನಾರ್ಹ. 2015-16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಇಷ್ಟು ಜಮೀನಿನವನು ಸ್ವಂತ ಮಲ್ಚರ್ ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೇ ವಿವೇಕ. ಆದರೆ ಮೊದಲ ಕಂತಿನಲ್ಲಿ ಬಂದ ಯಂತ್ರಗಳಲ್ಲಿ ಇನ್ನೂ ಬಳಕೆಯಲ್ಲಿರುವವು ಹತ್ತು ವರ್ಷ ದಾಟಿವೆ. ಹೋಬಳಿಗೊಬ್ಬ ತರಬೇತಿ ಪಡೆದ ಮೆಕ್ಯಾನಿಕ್, ಸಾಮಾನ್ಯ ಬಿಡಿಭಾಗಗಳ ಸಣ್ಣ ದಾಸ್ತಾನು, ಮೈಕಟ್ಟು ಗಟ್ಟಿಯಿರುವ ಯಂತ್ರದ ದುರಸ್ತಿಗೂ ಸಹಾಯಧನದ ಒಂದು ಪಾಲು: ಮುಂದಿನ ಬಜೆಟ್‌ನಲ್ಲಿ ಕೃಷಿ ಇಲಾಖೆ ಇಷ್ಟನ್ನು ಕೇಳಿದರೂ ಸಾಕು. ಹೊಸ ಯಂತ್ರಗಳ ವಿತರಣಾ ಸಮಾರಂಭದಷ್ಟು ಇದು ಛಾಯಾಚಿತ್ರಕ್ಕೆ ಒಗ್ಗದೆಂಬುದೊಂದೇ ತೊಂದರೆ.