ವಿಮಾನದ ರೇಡಿಯೋ: ತಂತಿಯೂ ಗಾಳಿಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳನ್ನು ಕಾಣದ ವಿದ್ಯಾರ್ಥಿಗಳು ವಿರಳ. ಒಲೆಯ ಕಾವು ಕೊಳವೆಗಳಲ್ಲಿ ಹರಿದು ಒಳಗಿನ ಗಾಳಿಯನ್ನು ಬಿಸಿಮಾಡುತ್ತದೆ. ಬಿಸಿ ಗಾಳಿ ಹಗುರವಾಗಿ ಮೇಲೇರಿ, ಸೊಪ್ಪಿನ ತೇವವನ್ನು ಹೊತ್ತು ಮೇಲಿನ ಕಿಂಡಿಯಿಂದ ಹೊರಡುತ್ತದೆ. ಕೆಳಗಿನ ಕಿಂಡಿಯಿಂದ ಹೊಸ ಗಾಳಿ ಬರುತ್ತದೆ. ಯಾವ ಕಿಂಡಿಯನ್ನು ಎಷ್ಟು ತೆರೆಯಬೇಕೆಂಬುದನ್ನು ರೈತನು ಬಲ್ಲನು. ವಿಮಾನದಲ್ಲಿ ರೇಡಿಯೋ ಕೂರಿಸುವವನಿಗೂ ಮೊದಲು ಬೇಕಾದುದು ಈ ವಿವೇಕವೇ ಎಂಬುದು ನಮ್ಮ ಅಭಿಪ್ರಾಯ.

ರೇಡಿಯೋ ತಾನು ಪಡೆದ ಶಕ್ತಿಯೆಲ್ಲವನ್ನೂ ಅಲೆಗಳಾಗಿ ಕಳುಹಿಸುವುದಿಲ್ಲ. ಬಹುಭಾಗ ಪೆಟ್ಟಿಗೆಯೊಳಗೇ ಶಾಖವಾಗುತ್ತದೆ. ಚಾಲಕನ ಮುಂದಿನ ಫಲಕದ ಹಿಂದೆ ಇಂತಹ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಪೇರಿಸಿದರೆ ಕೆಳಗಿನದರ ಬಿಸಿ ಮೇಲಿನದನ್ನು ಸುಡುತ್ತದೆ. ಬೀಸಣಿಗೆಯೊಂದಿದ್ದರೆ ಸಾಕೆನ್ನುವವರುಂಟು. ಆದರೆ 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಒಳಗೆ ಒತ್ತಡ ಕಾಯ್ದುಕೊಳ್ಳದ ಸಣ್ಣ ವಿಮಾನದಲ್ಲಿ ಬೀಸಣಿಗೆ ಅದೇ ವೇಗದಿಂದ ತಿರುಗಿದರೂ ಅದು ಸಾಗಿಸುವ ಗಾಳಿಯ ತೂಕ ಬಹಳ ಕಡಮೆ.

ತಂತಿಯ ವಿಚಾರ ಇನ್ನೂ ಗಂಭೀರವಾದುದು. ರೇಡಿಯೋ ಮಾತನ್ನು ಪ್ರಸಾರ ಮಾಡುವಾಗ 28 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಹೋಗಿಬರುವ ತಂತಿಯ ರೋಧ 0.1 ಓಂ ಆದರೆ ತಂತಿಯಲ್ಲಿ 2.5 ವಾಟ್ ಶಾಖ ಹುಟ್ಟುತ್ತದೆ. ಅದೇ ಶಕ್ತಿಯನ್ನು 14 ವೋಲ್ಟಿನಲ್ಲಿ ಒದಗಿಸಬೇಕಾದರೆ 10 ಆಂಪಿಯರ್ ಬೇಕು. ಆಗ ಶಾಖ 10 ವಾಟ್. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು! ಫ್ಯೂಸು ಇರುವುದು ಮುಖ್ಯವಾಗಿ ತಂತಿಯನ್ನು ಕಾಯುವುದಕ್ಕೆ. ಸಣ್ಣ ತಂತಿಗೆ ದೊಡ್ಡ ಫ್ಯೂಸು ಹಾಕಿದರೆ ತಂತಿಯೇ ಫ್ಯೂಸಾಗುತ್ತದೆ.

ಸರಿಯಾದ ಫ್ಯೂಸೂ ಎಲ್ಲವನ್ನೂ ತಡೆಯಲಾರದು. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ಬಳಿ ಕಡಲಿಗೆ ಬಿದ್ದು, ಅದರಲ್ಲಿದ್ದ 229 ಮಂದಿಯೂ ಮಡಿದರು. ಚಾಲಕರ ಕೋಣೆಯ ಮೇಲ್ಭಾಗದಲ್ಲಿ ತಂತಿಯಿಂದ ಹಾರಿದ ಕಿಡಿ, ಹತ್ತಿರದ ಹೊದಿಕೆಗೆ ಹೊತ್ತಿಕೊಂಡಿರಬೇಕೆಂದು ಕೆನಡಾದ ತನಿಖಾ ಮಂಡಳಿ 2003ರಲ್ಲಿ ವರದಿ ಮಾಡಿತು. ವಿಮಾನ ತಯಾರಾದ ಮೇಲೆ ಸೇರಿಸಿದ್ದ ಮನರಂಜನಾ ಸಲಕರಣೆಯ ತಂತಿಯಲ್ಲಿಯೂ ಅಂತಹ ಕಿಡಿಯ ಗುರುತಿತ್ತು. ಅಂದಿನ ಸರ್ಕ್ಯೂಟ್ ಬ್ರೇಕರುಗಳು ಇಂತಹ ಎಲ್ಲ ಕಿಡಿಗಳನ್ನೂ ಗುರುತಿಸಬಲ್ಲವಾಗಿರಲಿಲ್ಲ. ಆದುದರಿಂದಲೇ ತಂತಿಯು ಲೋಹದ ಅಂಚಿಗೆ ಉಜ್ಜದಂತೆ ಹಿಡಿಕೆಗಳಿಂದ ಬಿಗಿಯುವ ಕೆಲಸ ಗುಮಾಸ್ತಗಿರಿಯಲ್ಲ, ಇಂಜಿನಿಯರಿಕೆ.

ನಮ್ಮ ಭೌತಶಾಸ್ತ್ರದ ಪಾಠಗಳಲ್ಲಿ ಓಮನ ನಿಯಮ ಅಂಕಗಳಿಕೆಯ ಲೆಕ್ಕವಾಗಿ ಮುಗಿದುಹೋಗುವುದನ್ನು ನಾವು ಒಪ್ಪಲಾರೆವು. ನಾಳೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸಿಗೋ ಜಕ್ಕೂರಿನ ವಿಮಾನ ಶಾಲೆಗೋ ಹೋಗಬಯಸುವ ವಿದ್ಯಾರ್ಥಿ ಇಂದೇ ಒಂದು ಪ್ರಯೋಗ ಮಾಡಲಿ. 12 ವೋಲ್ಟಿನ ಸಣ್ಣ ದೀಪವನ್ನು ತಗಡಿನ ಡಬ್ಬಿಯಲ್ಲಿಟ್ಟು, ಉಷ್ಣಮಾಪಕವನ್ನು ತೂರಿಸಿ, ಮೊದಲು ಮೇಲೆ ಮಾತ್ರ, ಅನಂತರ ಕೆಳಗೆ ಮಾತ್ರ, ಕೊನೆಗೆ ಎರಡೂ ಕಡೆ ರಂಧ್ರಗಳನ್ನು ತೆರೆದು, ಅರ್ಧರ್ಧ ಗಂಟೆಯ ಅನಂತರದ ಅಂಕಿಗಳನ್ನು ಬರೆದುಕೊಳ್ಳಲಿ.