ಕಾರ್ಡಿನ ಬೆಲೆ ಬಿಲ್ಲಿನಲ್ಲಿದೆ, ಡ್ರೈವರಿನದು ಎಲ್ಲಿದೆ?

ಸರಕು ಸಿದ್ಧವಾಗುವ ಮೊದಲೇ ಅದರ ಚಿತ್ರವನ್ನು ಗಿರಾಕಿಗೆ ತೋರಿಸಬೇಕಾದ ಕಾಲ ಬಂದಿದೆ. ಪೀಠೋಪಕರಣ, ದೀಪದ ಸಾಮಗ್ರಿ, ಟೈಲ್ಸ್ ತಯಾರಿಸುವ ಸಣ್ಣ ಘಟಕಗಳು ಬ್ಲೆಂಡರ್‌ನಂತಹ ಉಚಿತ ತಂತ್ರಾಂಶವನ್ನು ಲೈನಕ್ಸ್ ಗಣಕಯಂತ್ರದಲ್ಲಿ ಹಾಕಿಕೊಂಡು, ಪರವಾನಗಿ ಶುಲ್ಕದ ಹೊರೆಯಿಲ್ಲದೆ ಇಂತಹ ಚಿತ್ರಗಳನ್ನು ತಾವೇ ತಯಾರಿಸಿಕೊಳ್ಳಬಹುದಾಗಿದೆ. ಕೆಲಸ ಬೇಗ ಮುಗಿಯಲೆಂದು ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳುತ್ತಾರೆ. ಕಾರ್ಡಿಗಾಗಿ ನಾಲ್ಕು ಕಡೆ ಕೊಟೇಶನ್ ತರಿಸಿ, ಸಾವಿರ ರೂಪಾಯಿಗೂ ಚೌಕಾಸಿ ಮಾಡುವ ಉದ್ದಿಮೆದಾರರು, ಅದನ್ನು ನಡೆಸುವ ಡ್ರೈವರ್ ಅಳವಡಿಸುವವರು ಯಾರು, ಕೆಟ್ಟರೆ ಹೊಣೆ ಯಾರದು ಎಂಬುದನ್ನು ಮಾತ್ರ ಖರೀದಿ ಆದೇಶದಲ್ಲಿ ಬರೆಯುವುದೇ ಇಲ್ಲ. ತೊಂದರೆ ಆರಂಭವಾಗುವುದು ಇಲ್ಲಿಂದಲೇ.

ಕಾರ್ಡು ಮಾಡುವ ಕೆಲಸಕ್ಕೆ ಸಮಾಂತರ ಗಣನೆ ಎಂದು ಹೆಸರು. ವರ್ಷಾಂತ್ಯದ ದಾಸ್ತಾನು ಎಣಿಕೆಯನ್ನು ಒಬ್ಬ ಅನುಭವಿ ಗುಮಾಸ್ತನಿಗೆ ಒಪ್ಪಿಸುವುದಕ್ಕೂ, ಪ್ರತಿ ಅಟ್ಟಣೆಗೆ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿ ಏಕಕಾಲಕ್ಕೆ ಎಣಿಸುವುದಕ್ಕೂ ಇರುವ ವ್ಯತ್ಯಾಸವೇ ಇದು. ಈ ವಿದ್ಯೆ ನಮಗೆ ಹೊಸದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1986ರಲ್ಲಿಯೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ರೂಪಿಸಿತ್ತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಬಂದದ್ದು 1991ರಲ್ಲಿ. ಆಗ ಸರ್ಕಾರಿ ಪ್ರಯೋಗಾಲಯಗಳಿಗಷ್ಟೇ ಎಟುಕುತ್ತಿದ್ದ ಈ ಶಕ್ತಿಯನ್ನು 2007ರಲ್ಲಿ ಎನ್‌ವಿಡಿಯಾ ಕಂಪನಿಯ ಕುಡಾ ತಂತ್ರಾಂಶವು ಅಂಗಡಿಯಲ್ಲಿ ಸಿಗುವ ಕಾರ್ಡಿಗೂ ತಂದಿತು. ಎಲ್ಲ ತಯಾರಕರಿಗೂ ಅನ್ವಯಿಸುವ ಓಪನ್‌ಸಿಎಲ್ ಮಾನಕ 2008ರ ಡಿಸೆಂಬರಿನಲ್ಲಿಯೂ, ಎಎಂಡಿ ಕಂಪನಿಯ ರಾಕ್ಎಮ್ 2016ರಲ್ಲಿಯೂ ಬಂದವು. ಬಳಕೆಯಲ್ಲಿ ಮುಂದಿರುವುದು ಕುಡಾ ಆದುದರಿಂದ ಇಲ್ಲಿ ಅದರ ವಿಚಾರವೇ ಪ್ರಧಾನ.

ಲೈನಕ್ಸ್‌ನಲ್ಲಿ ಡ್ರೈವರ್ ಎಂಬುದು ಒಮ್ಮೆ ಹಾಕಿ ಮರೆತುಬಿಡುವ ವಸ್ತುವಲ್ಲ. ಅದು ಕರ್ನೆಲ್ ಎಂಬ ಮೂಲ ತಂತ್ರಾಂಶದೊಡನೆ ಬೆಸೆದುಕೊಂಡಿರುತ್ತದೆ. ಕರ್ನೆಲ್ ಬದಲಾದಾಗಲೆಲ್ಲ ಡ್ರೈವರ್ ಕೂಡ ಅದಕ್ಕೆ ಹೊಂದುವಂತೆ ಪುನಃ ಸಿದ್ಧಗೊಳ್ಳಬೇಕು. ಡಿಕೆಎಂಎಸ್ ಎಂಬ ವ್ಯವಸ್ಥೆ ಇದನ್ನು ತಾನಾಗಿಯೇ ಮಾಡುತ್ತದೆ, ನಿಜ. ಆದರೆ ಆ ಕರ್ನೆಲ್‌ಗೆ ಸಂಬಂಧಿಸಿದ ಹೆಡರ್ ಕಡತಗಳು ಇಲ್ಲದಿದ್ದರೆ, ಅಥವಾ ಹಳೆಯ ಡ್ರೈವರಿಗೆ ಹೊಸ ಕರ್ನೆಲ್ ಒಗ್ಗದಿದ್ದರೆ, ಆ ಪ್ರಯತ್ನ ವಿಫಲವಾಗುತ್ತದೆ. ಮರುದಿನ ಬೆಳಿಗ್ಗೆ ಯಂತ್ರ ಎಂದಿನಂತೆಯೇ ಆರಂಭವಾಗಬಹುದು, ಪರದೆಯೂ ಬೆಳಗಬಹುದು. ಬ್ಲೆಂಡರ್ ಮಾತ್ರ ಕಾರ್ಡನ್ನು ಕಾಣದೆ ಸದ್ದಿಲ್ಲದೆ ಮುಖ್ಯ ಪ್ರೊಸೆಸರಿನಲ್ಲಿಯೇ ಕೆಲಸ ಮುಂದುವರಿಸುತ್ತದೆ. ನಿಮಿಷಗಳ ಕೆಲಸ ಗಂಟೆಗಳಿಗೆ ಏರುತ್ತದೆ. ಮಾಲೀಕರಿಗೆ ಇದು ತಿಳಿಯುವುದು ಗಿರಾಕಿಗೆ ಕೊಟ್ಟ ಮಾತಿನ ದಿನ ಮೀರಿದಾಗ.

ಅಳವಡಿಸುವಾಗಲೂ ಎಡವುವ ಜಾಗಗಳಿವೆ. ವಿತರಣೆಯ ಭಂಡಾರದಿಂದ ಬಂದ ಡ್ರೈವರಿನ ಮೇಲೆ ತಯಾರಕರಿಂದ ನೇರವಾಗಿ ಪಡೆದ ಇನ್ನೊಂದು ಡ್ರೈವರನ್ನು ಹೇರಿದರೆ ಎರಡೂ ಕೆಡಬಹುದು. ಯಾವುದಾದರೂ ಒಂದೇ ದಾರಿ ಹಿಡಿಯಬೇಕು, ಸಾಮಾನ್ಯ ಘಟಕಕ್ಕೆ ಮೊದಲನೆಯದೇ ಲೇಸು. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ, ಉಬುಂಟುವಿನಂತಹ ವಿತರಣೆಯು ಈ ಡ್ರೈವರಿಗಾಗಿ ಹೊಸ ಕೀಲಿಯನ್ನು ನೋಂದಾಯಿಸಬೇಕೆಂದರೆ, ಯಂತ್ರ ಮತ್ತೆ ಆರಂಭವಾಗುವಾಗ ನೀಲಿ ಪರದೆಯೊಂದು ಕಾಣಿಸಿಕೊಳ್ಳುತ್ತದೆ. ಆಗ ಕೀಲಿಮಣೆಯ ಮುಂದೆ ಕುಳಿತವರೇ ಗುಪ್ತಪದವನ್ನು ಒತ್ತಬೇಕು. ದೂರದಿಂದ ಜಾಲದ ಮೂಲಕ ಸೇವೆ ನೀಡುವ ತಂತ್ರಜ್ಞ ಇದನ್ನು ಮಾಡಲಾರ. ಕಾರಖಾನೆಯಲ್ಲಿ ಆ ಹೊತ್ತಿಗೆ ಕಾವಲುಗಾರನೊಬ್ಬನೇ ಇದ್ದರೆ ಅವಕಾಶ ತಪ್ಪುತ್ತದೆ, ಡ್ರೈವರ್ ಹೊತ್ತೇರದೆ ಉಳಿಯುತ್ತದೆ.

ಇನ್ನೊಂದು ತಪ್ಪು ಗ್ರಹಿಕೆ ಬಹಳ ಸಾಮಾನ್ಯ. ಎನ್‌ವಿಡಿಯಾ-ಎಸ್ಎಂಐ ಆದೇಶ ಕೊಟ್ಟಾಗ ಮೇಲಿನ ಮೂಲೆಯಲ್ಲಿ ಕಾಣುವ ಕುಡಾ ಆವೃತ್ತಿಯು ಆ ಡ್ರೈವರ್ ಗರಿಷ್ಠ ಎಷ್ಟನ್ನು ನಿಭಾಯಿಸಬಲ್ಲದು ಎಂಬುದನ್ನು ತಿಳಿಸುತ್ತದೆಯೇ ಹೊರತು, ಕುಡಾ ಟೂಲ್‌ಕಿಟ್ ಯಂತ್ರದಲ್ಲಿದೆ ಎಂದು ಹೇಳುವುದಿಲ್ಲ. ಬ್ಲೆಂಡರಿನ ಅಧಿಕೃತ ಪ್ರತಿಗೆ ಡ್ರೈವರ್ ಸಾಕು, ಟೂಲ್‌ಕಿಟ್ ಬೇಕಿಲ್ಲ. ಬೇಡದ ಟೂಲ್‌ಕಿಟ್ ಹಾಕಿ ಅದಕ್ಕೂ ಕೂಲಿ ಕೇಳುವವರಿದ್ದಾರೆ. ಬಳಸಿದ ಕಾರ್ಡನ್ನು ಅಗ್ಗಕ್ಕೆ ಕೊಳ್ಳುವವರು ಸಹ ಎಚ್ಚರ ವಹಿಸಬೇಕು: 2025ರಲ್ಲಿ ಬಂದ ಕುಡಾ 13 ಆವೃತ್ತಿಯು ಜಿಟಿಎಕ್ಸ್ 10 ಶ್ರೇಣಿಯಂತಹ ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳನ್ನು ಕೈಬಿಟ್ಟಿದೆ. ಕಾರ್ಡು ಕೆಟ್ಟಿರುವುದಿಲ್ಲ, ಅದರ ಆಯುಷ್ಯವನ್ನು ತಂತ್ರಾಂಶ ಮುಗಿಸಿರುತ್ತದೆ. ಲೆಕ್ಕಪತ್ರದಲ್ಲಿ ಉಪಯುಕ್ತ ಅವಧಿ ಅಂದಾಜು ಮಾಡುವಾಗ ಈ ಅಂಶವನ್ನು ನೆನಪಿಡುವವರು ವಿರಳ.

ಲೆಕ್ಕದ ಮಾತಿಗೆ ಬಂದರೆ, ಲೆಕ್ಕಪತ್ರ ಮಾನಕ 10ರ ಪ್ರಕಾರ ಸ್ವತ್ತನ್ನು ಉದ್ದೇಶಿತ ಬಳಕೆಗೆ ಸಿದ್ಧಗೊಳಿಸಲು ನೇರವಾಗಿ ತಗಲುವ ಅಳವಡಿಕೆ ಮತ್ತು ಪರೀಕ್ಷಾ ವೆಚ್ಚಗಳು ಸ್ವತ್ತಿನ ಬೆಲೆಗೇ ಸೇರುತ್ತವೆ. ಡ್ರೈವರ್ ಇಲ್ಲದ ಕಾರ್ಡು ಉದ್ದೇಶಿತ ಬಳಕೆಗೆ ಸಿದ್ಧವೆನ್ನಲು ಸಾಧ್ಯವಿಲ್ಲ. ಆದ್ದರಿಂದ ಮೊದಲ ಅಳವಡಿಕೆಯ ಶುಲ್ಕ ಬಂಡವಾಳ ವೆಚ್ಚ. ಮುಂದೆ ಕರ್ನೆಲ್ ಬದಲಾದಾಗ ಸರಿಪಡಿಸಿದ್ದಕ್ಕೆ ಕೊಡುವ ಹಣ ರಾಜಸ್ವ ವೆಚ್ಚ. ನೌಕರರ ತರಬೇತಿಯ ಖರ್ಚು ಸ್ವತ್ತಿಗೆ ಸೇರದು. ಮೂರನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸಿ ಕೊಡುವ ಮಾರಾಟಗಾರರಿಂದ ಬೇರೆ ಬೇರೆ ಸಾಲುಗಳನ್ನು ಬರೆಸಿಕೊಳ್ಳಬೇಕು.

ಆದಾಯ ತೆರಿಗೆಯಲ್ಲಿ ಗಣಕಯಂತ್ರಗಳ ಸವಕಳಿ ದರವನ್ನು 2017-18ರಿಂದ ಶೇಕಡಾ 60ರ ಬದಲು 40ಕ್ಕೆ ಇಳಿಸಲಾಯಿತು. ಕೊಂಡ ವರ್ಷದಲ್ಲಿ ಸ್ವತ್ತು 180 ದಿನಗಳಿಗಿಂತ ಕಡಿಮೆ ಕಾಲ ಬಳಕೆಯಲ್ಲಿದ್ದರೆ ಅದರಲ್ಲಿಯೂ ಅರ್ಧ. 2 ಲಕ್ಷ ರೂಪಾಯಿಯ ಯಂತ್ರ ಸೆಪ್ಟೆಂಬರ್ ಕೊನೆಗೆ ಬಂದು, ಡ್ರೈವರಿನ ತಕರಾರಿನಿಂದ ಅಕ್ಟೋಬರ್ ನಡುವಿನವರೆಗೆ ಸುಮ್ಮನೆ ಕುಳಿತಿದ್ದರೆ, ಆ ವರ್ಷ 80 ಸಾವಿರದ ಬದಲು 40 ಸಾವಿರ ಮಾತ್ರ ಸಿಗುವ ಪ್ರಶ್ನೆ ಏಳುತ್ತದೆ. ಉಳಿದದ್ದು ನಷ್ಟವಾಗದು, ಮುಂದಿನ ವರ್ಷಗಳಿಗೆ ಹೋಗುತ್ತದೆ. ಆದರೂ ಸಣ್ಣ ಘಟಕಕ್ಕೆ ಕೈಯಲ್ಲಿರುವ ಹಣದ ಬೆಲೆ ಬೇರೆಯೇ. ಬಿಲ್ಲಿನ ದಿನಾಂಕ ಬಳಕೆಯ ದಿನಾಂಕವಲ್ಲವೆಂಬುದು ಇಲ್ಲಿ ಮುಖ್ಯ.

ಹೀಗಿರುವಾಗ ಖರೀದಿ ಆದೇಶದಲ್ಲಿ ನಾಲ್ಕೈದು ಸಾಲು ಹೆಚ್ಚಿಗೆ ಬರೆಯುವುದರಿಂದ ಯಾರಿಗೂ ಹೊರೆಯಾಗದು. ಘಟಕದ್ದೇ ಒಂದು ಕೆಲಸವನ್ನು ಮಾರಾಟಗಾರನು ಕಾರ್ಡಿನ ಮೇಲೆ ನಡೆಸಿ ತೋರಿಸಬೇಕು. ಅನಂತರ ಯಂತ್ರವನ್ನು ಆರಿಸಿ, ಮತ್ತೆ ಆರಂಭಿಸಿ, ಪುನಃ ತೋರಿಸಬೇಕು. ಒಮ್ಮೆ ನಡೆದ ಡ್ರೈವರ್ ಮರುಪ್ರಾರಂಭದ ಬಳಿಕ ನಡೆಯದಿರುವುದು ಅಪರೂಪವಲ್ಲ. ಕರ್ನೆಲ್ ಮತ್ತು ಡ್ರೈವರಿನ ಆವೃತ್ತಿ ಸಂಖ್ಯೆಗಳನ್ನು ಹಾಳೆಯಲ್ಲಿ ಬರೆದು, ದಿನಾಂಕದೊಡನೆ ಇಬ್ಬರೂ ಸಹಿ ಮಾಡಬೇಕು. ಅಲ್ಲಿಯವರೆಗೆ ಒಂದು ಪಾಲು ಹಣವನ್ನು ತಡೆಹಿಡಿಯುವುದು ನ್ಯಾಯವೇ. ನವೀಕರಣಗಳನ್ನು ಶಾಶ್ವತವಾಗಿ ನಿಲ್ಲಿಸಬೇಕೆಂಬ ಸಲಹೆ ಕೆಲವರಿಂದ ಬರುತ್ತದೆ. ಜಾಲಕ್ಕೆ ಜೋಡಿಸಿದ ಯಂತ್ರಕ್ಕೆ ಅದು ಅಪಾಯಕಾರಿ. ತುರ್ತು ಆರ್ಡರ್ ಕೈಯಲ್ಲಿರುವಾಗ ಕರ್ನೆಲ್ ಮತ್ತು ಡ್ರೈವರನ್ನು ತಡೆಹಿಡಿದು, ವಾರದ ರಜೆಯ ದಿನ ತಂತ್ರಜ್ಞನ ಎದುರಿನಲ್ಲಿ ನವೀಕರಿಸಿ, ಹಿಂದಿನ ಕರ್ನೆಲನ್ನು ಅಳಿಸದೆ ಉಳಿಸಿಕೊಳ್ಳುವುದು ಮೇಲು. ಹೊಸದು ಕೈಕೊಟ್ಟರೆ ಯಂತ್ರ ಆರಂಭವಾಗುವಾಗಿನ ಪಟ್ಟಿಯಿಂದ ಹಳೆಯದನ್ನು ಆರಿಸಿ, ಅಂದಿನ ಕೆಲಸವನ್ನು ಮುಗಿಸಿಕೊಳ್ಳಬಹುದು.