ಸ್ಟೆಂಟಿನ ಲೇಪನ ಮತ್ತು ನಿತ್ಯದ ಮಾತ್ರೆ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಭಕ್ತರು ಶ್ರೀಮಠಕ್ಕೆ ಬಂದಾಗ, ‘ಗುರುಗಳ ಆಶೀರ್ವಾದದಿಂದ ಆರಾಮವಾಗಿದ್ದೇನೆ, ಮಾತ್ರೆಗಳನ್ನೂ ಬಿಟ್ಟಿದ್ದೇನೆ’ ಎಂದು ಸಂತೋಷದಿಂದ ಹೇಳುವುದುಂಟು. ಆ ಮಾತಿನ ಪೂರ್ವಾರ್ಧಕ್ಕೆ ತಲೆಬಾಗುತ್ತೇನೆ. ಉತ್ತರಾರ್ಧ ಕೇಳಿದಾಗ ಮಾತ್ರ ಭಯವಾಗುತ್ತದೆ.

ಸ್ಟೆಂಟ್ ಎಂಬುದು ಲೋಹದ ಸೂಕ್ಷ್ಮ ಜಾಲರಿ. ಬೆರಳಿಗೆ ಮುಳ್ಳು ಚುಚ್ಚಿದರೆ ಸುತ್ತಲಿನ ಮಾಂಸ ಊದಿಕೊಳ್ಳುವಂತೆ, ಶರೀರವು ಈ ಜಾಲರಿಯನ್ನೂ ಪರಕೀಯವೆಂದೇ ಬಗೆಯುತ್ತದೆ. ಬರಿಯ ಲೋಹದ ಸ್ಟೆಂಟುಗಳಿದ್ದ ಕಾಲದಲ್ಲಿ ನೂರಕ್ಕೆ 20ರಿಂದ 30 ಮಂದಿಗೆ, ಗಾಯ ಮಾಯುವ ಭರದಲ್ಲಿ ಅಂಗಾಂಶ ಅತಿಯಾಗಿ ಬೆಳೆದು ನಾಳ ಮತ್ತೆ ಕಿರಿದಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದುದೇ ಪಾಲಿಮರ್ ಲೇಪನ. ಕೂದಲೆಳೆಗಿಂತ ತೆಳುವಾದ ಆ ಪದರವು ಔಷಧವನ್ನು ಹಿಡಿದಿಟ್ಟುಕೊಂಡು, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಇಂಥ ಮೊದಲ ಸ್ಟೆಂಟಿಗೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ದೊರೆಯಿತು. ಅದರಲ್ಲಿದ್ದ ಸಿರೋಲಿಮಸ್ ಎಂಬ ಔಷಧದ ಮೂಲ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿ ಎಂಬುದು ಸೋಜಿಗ!

ಆದರೆ ಔಷಧ ಮುಗಿದ ಮೇಲೂ ಪಾಲಿಮರ್ ಅಲ್ಲೇ ಉಳಿಯುತ್ತಿತ್ತು. ಕೆಲವರಲ್ಲಿ ಅದುವೇ ಉರಿಯೂತಕ್ಕೆ ಕಾರಣವಾಯಿತು. ನಾಳದ ಒಳಪೊರೆ ಜಾಲರಿಯನ್ನು ಮುಚ್ಚುವುದೂ ತಡವಾಯಿತು. ವರ್ಷ ಕಳೆದ ಮೇಲೂ ರಕ್ತ ಹೆಪ್ಪುಗಟ್ಟಬಹುದೆಂಬ ಆತಂಕ 2006ರಲ್ಲಿ ಬಾರ್ಸಿಲೋನಾದ ಹೃದ್ರೋಗ ಸಮ್ಮೇಳನದಲ್ಲಿ ದೊಡ್ಡ ಚರ್ಚೆಯಾಯಿತು. ಅನಂತರವೇ ರಕ್ತಕ್ಕೆ ಹೆಚ್ಚು ಹೊಂದುವ ಪಾಲಿಮರುಗಳೂ, ತಿಂಗಳುಗಳಲ್ಲಿ ತಾನಾಗಿಯೇ ಕರಗಿಹೋಗುವ ಪಾಲಿಮರುಗಳೂ ಬಳಕೆಗೆ ಬಂದವು. ಕರಗುವ ಹೊಲಿಗೆ ದಾರವೂ ಇದೇ ಬಗೆಯ ವಸ್ತು.

ಲೇಪನ ಸುಧಾರಿಸಿದೆ, ನಿಜ. ಆದರೂ ಒಳಪೊರೆ ಪೂರ್ಣ ಬೆಳೆಯುವವರೆಗೆ ಆಸ್ಪಿರಿನ್ ಹಾಗೂ ಕ್ಲೊಪಿಡೊಗ್ರೆಲ್‌ನಂಥ ಎರಡು ಮಾತ್ರೆಗಳೇ ಕಾವಲು. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ 12 ತಿಂಗಳು. ಉಳಿದವರಿಗೆ ಎಷ್ಟೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ನಡುವೆ ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬರಬಹುದು.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದಾಗ ಬಡವರಿಗೂ ಬಾಗಿಲು ತೆರೆಯಿತು. ಇಂದಿಗೂ ನಮ್ಮ ಜನ ‘ಸ್ವದೇಶಿಯೋ ವಿದೇಶಿಯೋ, ಬೆಲೆಯೆಷ್ಟು?’ ಎಂದು ಕೇಳುತ್ತಾರೆಯೇ ಹೊರತು, ‘ಮಾತ್ರೆ ಎಷ್ಟು ದಿನ?’ ಎಂದು ಕೇಳುವುದಿಲ್ಲ. ತಪ್ಪು ಅವರೊಬ್ಬರದೇ ಅಲ್ಲ. ಬಿಡುಗಡೆಯ ಚೀಟಿಯನ್ನು ಇಂಗ್ಲಿಷಿನಲ್ಲಿ ಗೀಚಿಕೊಟ್ಟು ಕಳುಹಿಸಿದರೆ ಹಳ್ಳಿಯ ರೈತ ಏನು ತಿಳಿದಾನು? ಲಕ್ಷಾಂತರ ರೂಪಾಯಿಯ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಯಾವ ಮಾತ್ರೆ, ಯಾವ ತಿಂಗಳವರೆಗೆ ಎಂಬ ಎರಡು ಸಾಲನ್ನು ಕನ್ನಡದಲ್ಲಿ ಬರೆದುಕೊಡಲೇಬೇಕು.

ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸಗಳಂದು ಮಾತ್ರೆ ಬಿಡುವವರೂ ಇದ್ದಾರೆ. ಕಾಯವನ್ನು ದಂಡಿಸುವುದೇ ಭಕ್ತಿಯೆಂದು ಶರಣರು ಒಪ್ಪಿದವರಲ್ಲ. ಪೂಜೆ ಮುಗಿಸಿ ಮಾತ್ರೆ ನುಂಗಿದರೆ ವ್ರತಕ್ಕೆ ಭಂಗವಿಲ್ಲ. ಉಪವಾಸವನ್ನೇ ಮಾಡಬಹುದೇ ಎಂಬುದನ್ನೂ ವೈದ್ಯರಲ್ಲಿ ಕೇಳಿಕೊಳ್ಳುವುದು ಲೇಸು. ಹಲ್ಲು ಕೀಳಿಸುವಾಗಲೂ ಅಷ್ಟೆ: ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ಮಾತ್ರೆ ನಿಲ್ಲಿಸಕೂಡದು. ಸ್ಟೆಂಟಿನ ಹೆಸರು, ಅಳತೆ, ಹಾಕಿದ ದಿನಾಂಕಗಳಿರುವ ಕಾರ್ಡನ್ನು ಬೀರುವಿನಲ್ಲಿ ಭದ್ರಪಡಿಸದೆ ಕಿಸೆಯಲ್ಲೇ ಇಟ್ಟುಕೊಳ್ಳಿ. ಪರಊರಿನಲ್ಲಿ ಎದೆನೋವು ಬಂದರೆ ಅಲ್ಲಿಯ ವೈದ್ಯರು ಮೊದಲು ಕೇಳುವುದು ಅದನ್ನೇ.